ಹದಿನಾರು ಬೋರಿನ ಮರೀಶು

ಹಾರುವ ಬಿಲ್ಲೆಗೆ ಗುರಿಯಿಡುವವರು ಬಿಲ್ಲೆಯನ್ನು ಗದರಿಸಿ ಕರೆಯುವುದೇ ವಾಡಿಕೆ. ಕೋವಿಯನ್ನು ಭುಜಕ್ಕೊತ್ತಿ, ಕೆನ್ನೆಯನ್ನು ಅದರ ಮರಕ್ಕೆ ಆನಿಸಿ, "ಎಳಿ!" ಎಂದು ಒಬ್ಬ ಬೊಗಳುತ್ತಾನೆ, ಇನ್ನೊಬ್ಬ "ಹಪ್!" ಎಂದು ಗುಟುರು ಹಾಕುತ್ತಾನೆ, ಮತ್ತೊಬ್ಬನ ಗಂಟಲಿನಿಂದ ಹೊರಟದ್ದು ಮಾತೋ ಕೆಮ್ಮೋ ಎಂಬುದು ಅವನ ಹೆಂಡತಿಗೂ ತಿಳಿಯದು. ಆ ಸದ್ದು ಕಿವಿಗೆ ಬಿದ್ದೊಡನೆ ಹಿಂದೆ ಕುಳಿತವನು ಬಟನ್ ಒತ್ತಬೇಕು, ನೆಲದ ಕುಳಿಯೊಳಗಿನ ಯಂತ್ರ ಅಂಗೈಯಗಲದ ಮಣ್ಣಿನ ಬಿಲ್ಲೆಯೊಂದನ್ನು ಆಕಾಶಕ್ಕೆ ಎಸೆಯಬೇಕು. ಜುನಿಪರ್ ಫೋರ್ಕ್ಸ್ ಎಂಬ ನಮ್ಮ ಊರಿನ ಕ್ಲಬ್ಬಿನಲ್ಲಿ ಬಟನ್ ಒತ್ತಿ ಅಂಕ ಕೂಗುವ ಕುರ್ಚಿ ನನ್ನದು. ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನಿಗೆ ಬೇರೇನು ಕೆಲಸ ಕೊಟ್ಟಾರು? ಆ ಕುರ್ಚಿಯಲ್ಲಿ ಕುಳಿತು ಎಷ್ಟೋ ಬಗೆಯ ಗಂಟಲುಗಳನ್ನು ಕೇಳಿದ್ದೇನೆ. ಅವುಗಳ ನಡುವೆ ಮರೀಶು ಇರಿಗಾರೈ ಒಬ್ಬಳೇ, ಅಂಗಳದ ಬೆಕ್ಕನ್ನು ಹಾಲಿಗೆ ಕರೆಯುವ ದನಿಯಲ್ಲಿ, "ಬಾರೇ" ಎನ್ನುತ್ತಾಳೆ. ಬಿಲ್ಲೆ ನಂಬಿ ಹೊರಗೆ ಬರುತ್ತದೆ, ಮರುಕ್ಷಣವೇ ಪುಡಿಯಾಗಿ ಸೇಜ್ ಪೊದೆಗಳ ಮೇಲೆ ಉದುರುತ್ತದೆ.

ಕುಳ್ಳು ದೇಹ, ಅಗಲವಾದ ಹೆಗಲು, ಬೂದುಬಣ್ಣದ ಕತ್ತರಿಸಿದ ಕೂದಲು. ಮೈಮೇಲೆ ಕಾಲವಾದ ಗಂಡ ಬಿಶೆಂತೆಯ ಕ್ಯಾನ್ವಾಸ್ ಕೋಟು. ಅದರ ತೋಳುಗಳನ್ನು ಆಕೆ ಮೊಣಕೈವರೆಗೆ ಕತ್ತರಿಸಿ, ಉಳಿದ ಬಟ್ಟೆಯಿಂದ ತೋಟಾ ಇಡಲು ಎರಡು ಜೇಬು ಹೊಲಿದುಕೊಂಡಿದ್ದಾಳೆ. ನಡೆಯುವಾಗ ಪ್ರತಿ ಬಾಗಿಲಿನ ಬಳಿಯೂ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿ ನೋಡಿಯೇ ಹೆಜ್ಜೆ ಮುಂದಿಡುತ್ತಾಳೆ, ಸ್ವಂತ ಅಡುಗೆಮನೆಗೆ ಹೋಗುವಾಗಲೂ. ಊರಿನ ಶಾಲಾ ಬಸ್ಸನ್ನು ಎರಡು ತಲೆಮಾರು ಓಡಿಸಿದ ಕೈ ಅದು. ಕುರಿ ಕಾಯಲು ಕಡಲಾಚೆಯಿಂದ ಈ ಬೆಂಗಾಡಿಗೆ ಬಂದ ಬಾಸ್ಕ್ ಜನರ ಮೊಮ್ಮಗಳಾದ್ದರಿಂದ, ಬಸ್ಸಿನಲ್ಲಿ ಕುಳಿತವರೆಲ್ಲರೂ ಆಕೆಯನ್ನು ಅವರ ಮಾತಿನ ಅಜ್ಜಿ ಎಂಬ ಪದದಿಂದಲೇ 'ಆಮಾಚಿ' ಎಂದು ಕರೆದರು. ಈಗ ಊರಿನ ಅರ್ಧ ಜನಕ್ಕೆ ಆಕೆಯ ನಿಜವಾದ ಹೆಸರೇ ಮರೆತುಹೋಗಿದೆ. ಆಕೆಗೆ ಸ್ವಂತ ಮಕ್ಕಳಿಲ್ಲ.

ಆಕೆಯ ಸ್ವಭಾವವನ್ನು ತಿಳಿಯಬೇಕಾದರೆ ಒಮ್ಮೆ ಆಕೆಯ ಪಿಕಪ್ ಲಾರಿಯ ಹಿಂದೆ ಕಾರು ಓಡಿಸಬೇಕು. ಊರಾಚೆ ರೈಲುಹಳಿ ದಾಟುವ ಜಾಗವೊಂದಿತ್ತು. ಶಾಲಾ ಬಸ್ಸು ಹಳಿಯ ಮುಂದೆ ನಿಲ್ಲಬೇಕು, ಕಿಟಕಿ ತೆರೆದು ಕಿವಿಗೊಡಬೇಕು, ಆಮೇಲೆ ದಾಟಬೇಕು ಎಂಬುದು ನಿಯಮ. ರೈಲು ನಿಂತು ಯಾವ ಕಾಲವಾಯಿತೋ. ಹಳಿಗಳನ್ನು ಕಿತ್ತು ಮಾರಿಯೂ ಆಯಿತು. ಆಕೆ ಬಸ್ಸಿನ ಕೆಲಸ ಬಿಟ್ಟದ್ದೂ ಹಳೆಯ ಮಾತಾಯಿತು. ಆದರೂ ಮರೀಶು ಅಲ್ಲಿ ನಿಲ್ಲುತ್ತಾಳೆ, ಕಿಟಕಿ ಇಳಿಸುತ್ತಾಳೆ, ಬಾರದ ರೈಲಿಗೆ ಕಿವಿಗೊಡುತ್ತಾಳೆ. ಹಿಂದಿನವರು ಹಾರ್ನ್ ಹೊಡೆದರೆ ಕನ್ನಡಿಯಲ್ಲಿ ಒಂದು ನೋಟ ಬೀರುತ್ತಾಳೆ. ಆ ನೋಟ ಬಾಲ್ಯದಲ್ಲಿ ಪರಿಚಯವಾದದ್ದೇ ಆದ್ದರಿಂದ ಹಾರ್ನು ತಾನಾಗಿಯೇ ಬಾಯಿ ಮುಚ್ಚುತ್ತದೆ.

ಕೋವಿಯ ವಿಷಯದಲ್ಲೂ ಇದೇ ಹಠ. ಲೋಕವೆಲ್ಲ ಹನ್ನೆರಡು ಬೋರಿನ ದಪ್ಪ ನಳಿಕೆಗೆ ಹೋದರೂ ಆಕೆ ಗಂಡ ಬಿಟ್ಟುಹೋದ ಹದಿನಾರು ಬೋರನ್ನು ಬಿಡಲಿಲ್ಲ. ಅದರ ತೋಟಾ ತುಸು ಸಣಕಲು, ಅಂಗಡಿಯಲ್ಲಿ ಸಿಗುವುದು ಕಷ್ಟ, ಸಿಕ್ಕರೆ ದುಬಾರಿ. ಸುತ್ತಲಿನ ಸೀಮೆಯಲ್ಲಿ ಆ ಅಳತೆಯ ಕೋವಿ ಹಿಡಿದು ಪಂದ್ಯಕ್ಕೆ ಬರುವ ಇನ್ನೊಬ್ಬನೆಂದರೆ, ಗಡಿಯಾಚೆ ನೆವಾಡಾದ ಬಿಟರ್ ವೆಲ್ಸಿನ ವೆಂಡೆಲ್ ಟಟಲ್. ಆತ ಬಾವಿ ತೋಡುವವನು. ಬಿದಿರಿನಂತೆ ಉದ್ದ, ಮಾತಿಗೊಮ್ಮೆ ಟೋಪಿ ತೆಗೆದು ಒಳಗೇನೋ ಇದೆಯೆಂಬಂತೆ ಇಣುಕುವ ಅಭ್ಯಾಸ. ಎರಡೂ ಊರಿನ ಕ್ಲಬ್ಬುಗಳ ನಡುವೆ ವರ್ಷಕ್ಕೆರಡು ಪಂದ್ಯ, ವಸಂತದಲ್ಲಿ ಅವರಲ್ಲಿ, ಶರತ್ಕಾಲದಲ್ಲಿ ನಮ್ಮಲ್ಲಿ. ಗೆದ್ದವರಿಗೆ ಒಂದು ಹಳೆಯ ಕುರಿಗಂಟೆ. ಮರೀಶು ಮತ್ತು ವೆಂಡೆಲ್ ಎದುರುಬದುರಾಗಿ ನಿಂತು ಅದಕ್ಕಾಗಿ ಕಚ್ಚಾಡುವುದನ್ನು ನೋಡಲೆಂದೇ ಜನ ಬರುತ್ತಿದ್ದರು.

"ನಿನ್ನ ಕೋವಿ ನಿನಗಿಂತ ಮುದಿ ಆಯ್ತು ಕಣೇ ಮರೀಶು," ಎನ್ನುವನು ವೆಂಡೆಲ್.

"ಅದಕ್ಕಾದ್ರೂ ಕಣ್ಣು ಕಾಣತ್ತೆ. ನೀನು ಟೋಪಿ ಒಳಗೆ ಹುಡುಕ್ತಾ ಇರು, ಬಿಲ್ಲೆ ಅಲ್ಲೇ ಕೂತಿರ್ಬೋದು," ಎನ್ನುವಳು ಈಕೆ.

ಇಂಥ ನೆಮ್ಮದಿಯ ಜಗಳದ ನಡುವೆ ನಮ್ಮ ರಾಜ್ಯದ ತೋಟಾ ಕಾನೂನು ಬಂತು. ತೋಟಾ ಬೇಕೆಂದರೆ ಪರವಾನಗಿಯ ಅಂಗಡಿಗೇ ಹೋಗಬೇಕು, ಎದುರಿಗೇ ನಿಲ್ಲಬೇಕು, ಅಲ್ಲಿನ ಕಂಪ್ಯೂಟರ್ ಯಂತ್ರ ನಮ್ಮ ಪೂರ್ವಾಪರ ವಿಚಾರಿಸಿ ಒಪ್ಪಿದ ಮೇಲೆ ಪೊಟ್ಟಣ ಕೈಗೆ ಬರಬೇಕು. ಹೊರರಾಜ್ಯದಲ್ಲಿ ಕೊಂಡದ್ದನ್ನು ನಮ್ಮಂಥ ನಿವಾಸಿಗಳು ಸುಮ್ಮನೆ ಒಳಗೆ ತರುವಂತಿಲ್ಲ. ಇಲ್ಲಿಂದ ಒಯ್ದ ತೋಟಾ ಉಳಿದರೆ ಅದನ್ನೇ ಮರಳಿ ತರಬಹುದು. ಕ್ಲಬ್ಬಿನ ಸಭೆಯಲ್ಲಿ ಅತ್ಯಂತ ಜೋರಾಗಿ ಗುಡುಗಿದವಳು ಮರೀಶುವೇ. ರಾಜಧಾನಿಯಲ್ಲಿ ಕುಳಿತವರು ಕುರಿಗೂ ತೋಳಕ್ಕೂ ವ್ಯತ್ಯಾಸ ತಿಳಿಯದವರೆಂದಳು, ಅವರ ಬುದ್ಧಿಯನ್ನು ಬಿಲ್ಲೆಯ ಯಂತ್ರದಲ್ಲಿಟ್ಟು ಎಸೆಯಬೇಕೆಂದಳು, ಮೇಜು ಗುದ್ದಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ಒಬ್ಬ, ಗಡಿಯಾಚೆಯಿಂದ ತೋಟಾ ತಂದು ಲಾರಿಯ ಸೀಟಿನಡಿ ಇಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದ. ಮರೀಶು ಅವನತ್ತ ತಿರುಗಿದಳು. "ನಂಗೆ ಗೊತ್ತಾಗತ್ತೆ," ಎಂದಳು. ಸಭೆ ಅಲ್ಲಿಗೆ ಮುಗಿಯಿತು.

ಆ ವಿಧೇಯತೆಯ ಮೊದಲ ಪೆಟ್ಟು ಆಕೆಗೇ ಬಿತ್ತು. ಜಿಲ್ಲೆಯವರು ಆಕೆಯ ಮನೆಯ ರಸ್ತೆಗೆ ಹೊಸ ಹೆಸರಿಟ್ಟಿದ್ದರು. ಹೊಸ ಹೆಸರು ಒಂದು ದಾಖಲೆಯಲ್ಲಿ, ಹಳೆಯದು ಇನ್ನೊಂದರಲ್ಲಿ ಇದ್ದುದರಿಂದ ಅಂಗಡಿಯ ಯಂತ್ರ ಮರೀಶು ಇರಿಗಾರೈ ಎಂಬ ವ್ಯಕ್ತಿಯನ್ನು ಒಪ್ಪಲಿಲ್ಲ. ಕೌಂಟರಿನ ಹಿಂದಿದ್ದವಳು ಆಕೆಯ ಬಸ್ಸಿನಲ್ಲಿ ಬೆಳೆದ ಡಾರ್ಲಾ, ನಾಚಿ ನೀರಾದಳು.

"ಆಮಾಚಿ, ಮಷೀನು ಬೇಡ ಅಂತಿದೆ. ನನ್ನ ಹೆಸರಲ್ಲಿ ತಗೊಂಡು ಸಂಜೆ ಮನೆಗೆ ತಂದ್ಕೊಡ್ತೀನಿ, ಬಿಡಿ."

"ಡಾರ್ಲಾ, ಚಿಕ್ಕವಳಿದ್ದಾಗ್ಲೂ ನೀನು ಬೇರೆಯವರ ಪಾಸು ತೋರ್ಸಿ ಹತ್ತೋಕೆ ನೋಡ್ತಿದ್ದೆ. ಆಗ್ಲೂ ಇಳ್ಸಿದ್ದೆ, ನೆನಪಿದ್ಯಾ?"

ಆ ಬೇಸಿಗೆಯೆಲ್ಲ ಆಕೆಯ ಕೋವಿ ಗೋಡೆಯ ಮೇಲೆ ತೂಗಿತು. ಆಕೆ ಕಚೇರಿಯಿಂದ ಕಚೇರಿಗೆ ಅಲೆದು ರಸ್ತೆಯ ಹೆಸರನ್ನು ಸರಿಪಡಿಸಿಕೊಳ್ಳುತ್ತಿದ್ದಾಗ, ಸೀಟಿನಡಿಯ ಬುದ್ಧಿವಂತರು ಆರಾಮವಾಗಿ ಗುರಿ ಅಭ್ಯಾಸ ಮಾಡಿದರು. ನನಗೆ ರೇಗಿತು. ಅವರ ಮೇಲೆ ಅಷ್ಟಲ್ಲ, ಈಕೆಯ ಮೇಲೆ. ಇಷ್ಟು ಬೈಯುವ ಕಾನೂನಿಗೆ ಇಷ್ಟೇಕೆ ತಲೆಬಾಗುತ್ತೀಯೆಂದು ಒಂದು ಮಧ್ಯಾಹ್ನ ಕೇಳಿಯೇಬಿಟ್ಟೆ. ಆಕೆ ಬೀನ್ಸ್ ಸೋಸುತ್ತಿದ್ದಳು.

"ಮೇಷ್ಟ್ರೇ, ಎಲ್ಲೋ ಒಂದು ಶಾಲೇಲಿ ಯಾವನೋ ಗುಂಡು ಹಾರಿಸ್ದ ಅಂತ ರೇಡಿಯೋಲಿ ಬಂದಾಗೆಲ್ಲ ನಾನು ಬಸ್ಸಲ್ಲಿ ಕೂತಿರ್ತಿದ್ದೆ. ಹಿಂದೆ ಮಕ್ಕಳು ಹಾಡ್ತಾ ಇರ್ತಿದ್ವು. ಈ ಕಾನೂನಿಂದ ಒಂದು ಮಗು ಉಳಿಯತ್ತೆ ಅಂತ ನಂಗೆ ನಂಬಿಕೆ ಇಲ್ಲ. ಕೂದಲಷ್ಟೂ ಇಲ್ಲ. ಆದ್ರೆ ಅಕಸ್ಮಾತ್ ಅವ್ರು ಹೇಳಿದ್ದೇ ಸರಿ ಇದ್ರೆ?"

ನಾನೂ ಆಕೆಯ ಜೊತೆ ಬೀನ್ಸ್ ಸೋಸಲು ಕುಳಿತೆ.

ರಸ್ತೆಯ ಹೆಸರು ಸರಿಹೋಗಿ ತೋಟಾ ಸಿಕ್ಕ ಮೇಲೆ, ಮುಂದಿನ ವಸಂತದ ಪಂದ್ಯಕ್ಕೆ ಗಡಿ ದಾಟುವ ಮುನ್ನ ಆಕೆ ಒಂದು ವಿಚಿತ್ರ ಕೆಲಸ ಶುರುಮಾಡಿದಳು. ಒಯ್ಯುವ ಪ್ರತಿಯೊಂದು ತೋಟಾದ ಹಿತ್ತಾಳೆಯ ತಳಕ್ಕೂ ಉಗುರಿನ ಕೆಂಪು ಬಣ್ಣದ ಒಂದು ಚುಕ್ಕೆ. ಮರಳುವಾಗ ಯಾರಾದರೂ ನಿಲ್ಲಿಸಿ ಕೇಳಿದರೆ, ಇವು ಇಲ್ಲಿಂದಲೇ ಹೋದವು ಎಂದು ತೋರಿಸಬೇಕಲ್ಲ! ಆಕೆ ಜನ್ಮದಲ್ಲೇ ಉಗುರಿಗೆ ಬಣ್ಣ ಹಚ್ಚಿದವಳಲ್ಲ. ತೋಟಾಗಳು ಮಾತ್ರ ಮದುವೆಗೆ ಹೊರಟಂತೆ ಸಿಂಗರಿಸಿಕೊಂಡು ಹೋದವು. ಯಾರೂ ಒಮ್ಮೆಯೂ ನಿಲ್ಲಿಸಲಿಲ್ಲ. ಆ ವರ್ಷ ಬಿಟರ್ ವೆಲ್ಸಿನವರು ಆಕೆಗೆ ಬಹುಮಾನವಾಗಿ ಕೊಟ್ಟದ್ದು ಪೆಟ್ಟಿಗೆ ತುಂಬ ಹದಿನಾರು ಬೋರಿನ ತೋಟಾ. ಆಸೆಯಿಂದ ಒಮ್ಮೆ ಆ ಪೆಟ್ಟಿಗೆಯ ಮೇಲೆ ಕೈಯಾಡಿಸಿ, ಎತ್ತಿ ವೆಂಡೆಲ್‌ನ ಲಾರಿಯಲ್ಲಿಟ್ಟಳು. "ಇಟ್ಕೊ. ಬಂದಾಗ ಬಂದಾಗ ಇಲ್ಲೇ ಹೊಡೆದು ಹೋಗ್ತೀನಿ. ನೀನು ಮುಟ್ಟಿದ್ರೆ ಗೊತ್ತಾಗತ್ತೆ." ಅವನು ಆ ಪೆಟ್ಟಿಗೆಯನ್ನು ಮಲಗುವ ಕೋಣೆಯಲ್ಲಿಟ್ಟುಕೊಂಡ.

ತೊಂದರೆ ಆದದ್ದು ಶರತ್ಕಾಲದ ಪಂದ್ಯಕ್ಕೆ. ನಮ್ಮ ರಾಜ್ಯದ ಹೆಸರು ಕೇಳಿದರೇ ಆಚೆಯವರಿಗೆ ಅಂಜಿಕೆ. ಹೊರಗಿನವರು ತಮ್ಮ ಬಳಕೆಗೆ ತಮ್ಮ ತೋಟಾ ತರಬಹುದೆಂದು ನಾವು ಫೋನಿನಲ್ಲಿ ಹೇಳುತ್ತಿದ್ದೆವು. ಆದರೆ ಒಬ್ಬ ವಕೀಲ ಒಂದು ಹೇಳಿದರೆ ಇನ್ನೊಬ್ಬ ಮತ್ತೊಂದು ಹೇಳುವ ಕಾಲದಲ್ಲಿ ಫೋನಿನ ಮಾತನ್ನು ಯಾರು ನಂಬುತ್ತಾರೆ? ವರ್ಷವರ್ಷಕ್ಕೂ ಅತಿಥಿಗಳ ಲಾರಿಗಳು ಕಡಿಮೆಯಾದವು. ನಮ್ಮ ಕ್ಲಬ್ ಉಸಿರಾಡುತ್ತಿದ್ದುದೇ ಆ ಒಂದು ಪಂದ್ಯದಿಂದ. ಮರೀಶು ಉಸಿರಾಡುತ್ತಿದ್ದುದೂ ಅದರಿಂದಲೇ ಎಂದರೆ ಉತ್ಪ್ರೇಕ್ಷೆಯಲ್ಲ. ಆ ದಿನಕ್ಕೆ ಆಕೆ ಹಿಂದಿನ ದಿನವೇ ಕುರಿಮಾಂಸ ಬೇಯಿಸಲಿಡುತ್ತಿದ್ದಳು, ಉದ್ದನೆಯ ಮೇಜು ಹಾಸುತ್ತಿದ್ದಳು, ಊಟಕ್ಕೆ ಮುಂಚಿನ ಪಿಕಾನ್ ಪಾನೀಯವನ್ನು ತಾನೇ ಬೆರೆಸಿ ಎಲ್ಲರ ಕೈಗೂ ಕೊಡುತ್ತಿದ್ದಳು. ಹೋದ ವರ್ಷದ ಹಿಂದಿನ ವರ್ಷ ಮೇಜಿನ ಒಂದು ಪಕ್ಕ ಪೂರ್ತಿ ಖಾಲಿ ಉಳಿದಾಗ ಆಕೆ ಆ ಬದಿಯ ತಟ್ಟೆಗಳನ್ನು ಒಂದೊಂದಾಗಿ ಎತ್ತಿಟ್ಟ ರೀತಿ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆ ಸಲ ಬಂದ ಕೆಲವರಲ್ಲಿ ವೆಂಡೆಲ್ ಇದ್ದ. ಗಡಿಯಲ್ಲಿ ನಮ್ಮ ರಾಜ್ಯದ್ದೊಂದು ಹಣ್ಣುಹಂಪಲಿನ ಚೆಕ್‌ಪೋಸ್ಟ್ ಇದೆ; ಹುಳುಹತ್ತಿದ ಹಣ್ಣು ಒಳಗೆ ಬಾರದಿರಲೆಂದು ಮಾಡಿದ್ದು, ಅನಾದಿಯಿಂದಲೂ ಇದ್ದದ್ದು. ಈ ಸಲ ದೂರದಿಂದ ಅದರ ದೀಪ ಕಂಡದ್ದೇ ವೆಂಡೆಲ್‌ ಬ್ರೇಕ್ ಒತ್ತಿದ. ತೋಟಾ ಹಿಡಿಯಲೆಂದೇ ನಿಂತಿದ್ದಾರೆಂದು ಭಾವಿಸಿ ಲಾರಿ ತಿರುಗಿಸಿದ, ಆಚೆಯ ಕಡೆಯ ಊರಿನಲ್ಲಿದ್ದ ಭಾವನ ಮನೆಯಲ್ಲಿ ಹೆಚ್ಚಿನ ಪೊಟ್ಟಣಗಳನ್ನೆಲ್ಲ ಬಿಟ್ಟ, ಪಂದ್ಯದ ಲೆಕ್ಕಕ್ಕೆ ಬೇಕಾದಷ್ಟನ್ನೇ ಇಟ್ಟುಕೊಂಡು ಬೆವರುತ್ತ ಮರಳಿದ. ಚೆಕ್‌ಪೋಸ್ಟಿನ ಹುಡುಗಿ ಕೇಳಿದ್ದು ಒಂದೇ ಮಾತು: "ಸೇಬು, ಕಿತ್ತಳೆ ಏನಾದ್ರೂ ಇದ್ಯಾ ತಾತ?" ಇದನ್ನು ಅವನೇ ಟೋಪಿಯೊಳಗೆ ನೋಡುತ್ತ ಹೇಳಿದಾಗ ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಮರೀಶು ನಗಲಿಲ್ಲ.

ಪಂದ್ಯ ಸರಿಸಮವಾಯಿತು. ಗಂಟೆ ಯಾರಿಗೆಂದು ತೀರ್ಮಾನಿಸಲು ಇಬ್ಬರೇ ಉಳಿದರು, ಆ ಇಬ್ಬರೇ. ಒಬ್ಬರಾದ ಮೇಲೆ ಒಬ್ಬರು ಹೊಡೆಯುವುದು, ಒಬ್ಬರು ತಪ್ಪಿ ಇನ್ನೊಬ್ಬರು ಹೊಡೆಯುವತನಕ. "ಎಳಿ!", ಪುಡಿ. "ಬಾರೇ", ಪುಡಿ. ಬಿಸಿಲು ಇಳಿಯುತ್ತಿತ್ತು, ಯಾರೂ ತಪ್ಪಲಿಲ್ಲ. ಆಗ ವೆಂಡೆಲ್ ಜೇಬಿಗೆ ಕೈ ಹಾಕಿದ, ಇನ್ನೊಂದು ಜೇಬಿಗೆ ಹಾಕಿದ, ಕೈ ಬರಿದಾಗಿ ಹೊರಬಂತು.

ನಮ್ಮ ಆಟದಲ್ಲಿ ಒಂದು ರೀತಿಯಿದೆ. ಸಾಲಿನಲ್ಲಿ ನಿಂತಾಗ ತೋಟಾ ಮುಗಿದವನು ಮಾತಾಡುವುದಿಲ್ಲ, ಪಕ್ಕದವರತ್ತ ಅಂಗೈ ಚಾಚುತ್ತಾನೆ. ಪಕ್ಕದವರು, ಎದುರಾಳಿಯೇ ಆಗಿರಲಿ, ಅದರಲ್ಲಿ ತೋಟಾ ಇಡುತ್ತಾರೆ. ಇಲ್ಲವೆಂದವರನ್ನು ನಾನು ಕಂಡಿಲ್ಲ. ವೆಂಡೆಲ್ ಅಭ್ಯಾಸಬಲದಿಂದ ಅಂಗೈ ಚಾಚಿದ. ಅಲ್ಲಿದ್ದ ಮಿಕ್ಕ ಕೋವಿಗಳೆಲ್ಲ ಹನ್ನೆರಡು ಬೋರಿನವು. ಅವನ ಕೋವಿಗೆ ಹೊಂದುವ ತೋಟಾ ಇದ್ದದ್ದು ಮರೀಶುವಿನ ಜೇಬಿನಲ್ಲಿ ಮಾತ್ರ. ಅಂಗಡಿಯ ಹೊರಗೆ, ಯಂತ್ರದ ಒಪ್ಪಿಗೆಯಿಲ್ಲದೆ, ಬೇರೆ ರಾಜ್ಯದವನ ಕೈಗೆ ತೋಟಾ ಕೊಡುವುದು ಕಾನೂನಿಗೆ ಸಮ್ಮತವೋ ಅಲ್ಲವೋ ನಮ್ಮಲ್ಲಿ ಯಾರಿಗೂ ಖಚಿತವಿರಲಿಲ್ಲ. ಅಲ್ಲವೆಂದೇ ಆಕೆ ತಿಳಿದಿದ್ದಳು, ಹಾಗೆಂದು ನಮಗೆಲ್ಲ ಎಷ್ಟೋ ಸಲ ಪಾಠ ಹೇಳಿದ್ದಳು. ಅದು ವೆಂಡೆಲ್‌ಗೂ ನೆನಪಾಯಿತು. ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡ.

"ಬಿಡು ಮರೀಶು. ಗಂಟೆ ನೀನೇ ಇಟ್ಕೊ. ನನ್ನಿಂದ ನಿಂಗೆ ತೊಂದ್ರೆ ಬೇಡ."

ಹಿಂದಕ್ಕೆ ಹೋದ ಆ ಕೈಯನ್ನು ಆಕೆ ನೋಡಿದಳು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿದಳು. ಆಮೇಲೆ ಮುಂದೆ ಹೋಗಿ, ಅವನ ಕೈಯನ್ನು ಹಿಡಿದೆಳೆದು, ಬೆರಳುಗಳನ್ನು ಬಿಡಿಸಿ, ಒಂದು ಹಿಡಿ ತೋಟಾ ಅದರಲ್ಲಿ ತುರುಕಿದಳು. "ಹೊಡಿ," ಎಂದಳು. "ಬೇಗ ಹೊಡಿ, ನಾನು ಮನಸ್ಸು ಬದಲಾಯಿಸೋ ಮುಂಚೆ." ವೆಂಡೆಲ್ ಹೊಡೆದ. ಆಕೆಯ ಸರದಿ ಬಂದಾಗ "ಬಾರೇ" ಎಂಬ ದನಿ ನಡುಗಿತು. ಬಿಲ್ಲೆ ಇಡಿಯಾಗಿಯೇ ಪೊದೆಗಳಾಚೆ ಹೋಗಿ ಬಿತ್ತು. ಗಂಟೆ ಗಡಿಯಾಚೆ ಹೋಯಿತು. ಆಕೆ ನಗುನಗುತ್ತಲೇ ಎಲ್ಲರಿಗೂ ಬಡಿಸಿದಳು, ತಾನು ಮಾತ್ರ ಉಣ್ಣಲಿಲ್ಲ.

ಸೋಮವಾರ ಬೆಳಿಗ್ಗೆ ನನ್ನ ಬಾಗಿಲಲ್ಲಿ ಆಕೆಯ ಲಾರಿ. ಚರ್ಚಿಗೆ ಹೋಗುವ ಉಡುಪು. "ಬನ್ನಿ ಮೇಷ್ಟ್ರೇ. ಅಂಕದ ಕುರ್ಚೀಲಿ ಕೂತು ಎಲ್ಲ ನೋಡಿದೀರ. ಸಾಕ್ಷಿ ಬೇಕು." ಎಷ್ಟು ಹೇಳಿದರೂ ಕೇಳಲಿಲ್ಲ. ಶೆರೀಫನ ಕಚೇರಿಯಲ್ಲಿ ಆ ಹೊತ್ತಿಗೆ ಇದ್ದವನು ಉಪಾಧಿಕಾರಿ ಗ್ಯಾರೆಟ್. ಹೊಟ್ಟೆ ಬಂದು ಮೀಸೆ ಬೆಳೆದಿದ್ದರೂ ಆಕೆಯನ್ನು ಕಂಡೊಡನೆ ಬಸ್ಸಿನ ಹುಡುಗನಂತೆ ಎದ್ದು ನಿಂತ. ಮರೀಶು ನೆಟ್ಟಗೆ ಕುಳಿತು ತನ್ನ ಅಪರಾಧವನ್ನು ಮೊದಲಿಂದ ಕೊನೆವರೆಗೂ ಒಪ್ಪಿಸಿದಳು. ಕೇಳುತ್ತ ಕೇಳುತ್ತ ಅವನ ಮುಖ ಕೆಂಪಾಯಿತು.

"ಆಮಾಚಿ, ಇದು ತಪ್ಪೋ ಅಲ್ವೋ ನಂಗೇ ಗೊತ್ತಿಲ್ಲ. ದಯವಿಟ್ಟು ಮನೆಗೆ ಹೋಗಿ."

"ಗೊತ್ತಿಲ್ದಿದ್ರೆ ಗೊತ್ತಿರೋರನ್ನ ಕೇಳು. ಬರ್ಕೋ ಅಂದೆನಲ್ಲ. ಕೋವಿ ಕೊಡು ಅಂದ್ರೆ ಅದನ್ನೂ ತಂದಿದೀನಿ, ಲಾರೀಲಿದೆ."

ಬಿಶೆಂತೆಯ ಕೋವಿಯನ್ನೂ ಒಪ್ಪಿಸಲು ತಂದಿದ್ದಾಳೆಂಬುದು ನನಗೆ ತಿಳಿದದ್ದು ಆಗಲೇ. ಗ್ಯಾರೆಟ್ ಪೆನ್ನು ಎತ್ತಿದ, ಕೆಳಗಿಟ್ಟ.

"ಬರ್ಕೋತೀನಿ. ಬರ್ಕೊಂಡ್ರೆ ಅದು ಮೇಲಕ್ಕೆ ಹೋಗತ್ತೆ. ಮೇಲಿನೋರು ತೋಟಾ ಇಸ್ಕೊಂಡೋನು ಯಾರು ಅಂತಾರೆ. ವೆಂಡೆಲ್ ತಾತಂಗೆ ಕರೆ ಹೋಗತ್ತೆ. ಆಮೇಲೆ ಬಿಟರ್ ವೆಲ್ಸಿಂದ ಒಬ್ಬನಾದ್ರೂ ಈ ಕಡೆ ಬರ್ತಾನಾ? ನೀವೇ ಹೇಳಿ, ಬರ್ಕೊಳ್ಲಾ?"

ಆಕೆ ತೊಡೆಯ ಮೇಲಿನ ಕೈಚೀಲದ ಕೊಂಡಿಯನ್ನು ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಒಂದು ಕಡೆ ಬದುಕಿನುದ್ದಕ್ಕೂ ಸವೆಸಿದ ನೇರದಾರಿ, ಇನ್ನೊಂದು ಕಡೆ ಆ ಉದ್ದನೆಯ ಮೇಜು. ಅಂಥ ತಕ್ಕಡಿಯ ಮುಂದೆ ಯಾರನ್ನೂ ಕೂರಿಸಬಾರದು. ನನಗೆ ಎದ್ದು ಹೊರಗೆ ಹೋಗಿಬಿಡಬೇಕೆನಿಸಿತು.

"ಬರ್ಕೋಬೇಡ," ಎಂದಳು ಕೊನೆಗೆ. ಆ ದನಿ ನನಗೆ ಪರಿಚಯದ್ದಲ್ಲ.

ಹೊರಗಿನ ಮೆಟ್ಟಿಲ ಮೇಲೆ ಕಂಬಿ ಹಿಡಿದು ನಿಂತಳು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಇಷ್ಟು ದಿನ ಈ ಕಾನೂನು ನನ್ನ ಆಟ ಹಾಳ್ಮಾಡ್ತು ಅಂತ ಬೈತಿದ್ದೆ ಮೇಷ್ಟ್ರೇ. ಅದು ಹಾಳ್ಮಾಡಿದ್ರೆ ಮಾಡ್ಲಿ. ಇವತ್ತು ನನ್ನನ್ನ ತಪ್ಪು ಮುಚ್ಚಿಡೋಳನ್ನಾಗಿ ಮಾಡ್ತು ನೋಡಿ." ನಾನು ಏನೋ ಸಮಾಧಾನದ ಮಾತಾಡಿದೆ, ಕೇಳಿಸಿಕೊಂಡಳೋ ಇಲ್ಲವೋ.

ರಾಜ್ಯ ಕೊಡದ ಶಿಕ್ಷೆಯನ್ನು ಆಕೆ ತಾನೇ ಕೊಟ್ಟುಕೊಂಡಳು. ಒಂದು ವರ್ಷ ಕೋವಿ ಮುಟ್ಟಲಿಲ್ಲ, ವಸಂತದ ಪಂದ್ಯಕ್ಕೆ ಗಡಿ ದಾಟಲೂ ಇಲ್ಲ. ಕ್ಲಬ್ಬಿಗೆ ತಪ್ಪದೆ ಬಂದಳು. ನನ್ನ ಪಕ್ಕದಲ್ಲಿ ಕುಳಿತು ಬಿಲ್ಲೆ ಎಣಿಸಿದಳು, ಹೊಸಬರ ಕಾಲಿನ ಭಂಗಿ ತಿದ್ದಿದಳು. ಕಾರಣ ಕೇಳಿದವರಿಗೆ ಉತ್ತರ ಕೊಡಲಿಲ್ಲ, ನನ್ನ ಬಾಯಿಗೂ ಬೀಗ ಹಾಕಿಸಿದ್ದಳು.

ಹೋದ ಶರತ್ಕಾಲದಲ್ಲಿ ಬಿಟರ್ ವೆಲ್ಸಿನವರು ಬಂದರು. ಕಳೆದ ಸಲ ಬಂದವರು ಕ್ಷೇಮವಾಗಿ ಮರಳಿದ್ದನ್ನು ಕಂಡು ಧೈರ್ಯ ಬಂದಿತ್ತೋ ಏನೋ, ಲಾರಿಗಳು ಸಾಲಾಗಿ ಬಂದವು. ಮೇಜಿನ ಎರಡೂ ಬದಿ ತುಂಬಿತು. ವೆಂಡೆಲ್ ಗಂಟೆಯನ್ನು ಹೊಳೆಯುವಂತೆ ಉಜ್ಜಿ ತಂದಿದ್ದ, ಈ ಸಲ ತೋಟಾ ಕೂಡ ಬೇಕಾದಷ್ಟು ತಂದಿದ್ದ. ಮರೀಶು ಬರಿಗೈಯಲ್ಲಿ, ಸೊಂಟಕ್ಕೆ ಅಡುಗೆಯ ಬಟ್ಟೆ ಕಟ್ಟಿಕೊಂಡು ನಿಂತಿದ್ದುದನ್ನು ಕಂಡು ಟೋಪಿ ತೆಗೆದ.

"ಏನೇ, ಕೋವಿ ಎಲ್ಲಿ?"

"ಭುಜ ನೋವು ಕಣಯ್ಯಾ. ವಯಸ್ಸಾಯ್ತಲ್ಲ."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ರೆಪ್ಪೆ ಕೂಡ ಅಲುಗಲಿಲ್ಲ. ವೆಂಡೆಲ್ ಆಕೆಯ ಭುಜವನ್ನು ನೋಡಿದ. ಆ ಭುಜ ಆಗಷ್ಟೇ ಕುರಿಮಾಂಸ ತುಂಬಿದ ದೊಡ್ಡ ಹಂಡೆಯನ್ನು ಒಲೆಯಿಂದ ಇಳಿಸಿ ತಂದಿತ್ತು. ಅವನು ಟೋಪಿಯೊಳಗೆ ಬಹಳ ಹೊತ್ತು ಇಣುಕಿದ. ಆಮೇಲೆ ತನ್ನ ಹದಿನಾರು ಬೋರನ್ನು ಚೀಲದೊಳಗಿಟ್ಟು ಕೊಂಡಿ ಹಾಕಿದ.

"ಹಾಗಾದ್ರೆ ನಂಗೂ ಭುಜ ನೋವು," ಎಂದ.

ಇಬ್ಬರೂ ನನ್ನ ಕುರ್ಚಿಯ ಪಕ್ಕದ ಬೆಂಚಿನ ಮೇಲೆ ಕುಳಿತು, ಹನ್ನೆರಡು ಬೋರಿನವರ ತಪ್ಪುಗಳನ್ನು ಸಂಜೆಯತನಕ ಬೈದರು.

ಮರೀಶುವಿನಂಥವರು ಎಲ್ಲ ಊರಲ್ಲೂ ಒಬ್ಬಿಬ್ಬರು ಇರುತ್ತಾರೆ. ಕಟ್ಟಳೆಯನ್ನು ಬೈಯುತ್ತಲೇ ಪಾಲಿಸುವವರು, ಯಾರೂ ನೋಡದ ಕಡೆಯಲ್ಲೂ ನಿಲ್ಲುವವರು, ತಪ್ಪಿದೆವೆಂದು ತಾವಾಗಿಯೇ ಬಂದು ಬಾಗಿಲು ತಟ್ಟುವವರು. ಕಾನೂನು ಮಾಡುವವರ ಕಣ್ಣಮುಂದೆ ಇರುವವನು ಬೇರೆ ಯಾರೋ ಕೇಡಿಗ; ಅವರಿಗೂ ಅಳುವ ತಾಯಂದಿರು ಕಾಣಿಸಿರುತ್ತಾರೆ, ಅವರ ಉದ್ದೇಶವನ್ನು ಜರೆಯುವ ಧೈರ್ಯ ನನಗಿಲ್ಲ. ಆದರೆ ಆ ಕೇಡಿಗ ಯಾವ ಕೌಂಟರಿನ ಮುಂದೆಯೂ ಸಾಲು ನಿಲ್ಲುವುದಿಲ್ಲ, ತೋಟಾಗೆ ಗುರುತು ಹಚ್ಚುವುದಿಲ್ಲ. ಭಾರವೆಲ್ಲ ಬೀಳುವುದು ಹೊರಲು ಒಪ್ಪಿದವರ ಹೆಗಲ ಮೇಲೆ. ಅವರು ಹೊರುತ್ತಾರೆ, ಗೊಣಗುತ್ತಾರೆ, ಮತ್ತೆ ಹೊರುತ್ತಾರೆ; ಒಂದು ದಿನ ಸ್ನೇಹಿತನ ಬರಿಗೈ ಕಂಡು ಅದನ್ನು ಒಂದು ಕ್ಷಣ ಕೆಳಗಿಡುತ್ತಾರೆ. ಆ ಒಂದು ಕ್ಷಣಕ್ಕಾಗಿ ಜಗತ್ತು ಅವರನ್ನು ಎಂದೋ ಕ್ಷಮಿಸಿರುತ್ತದೆ; ಕ್ಷಮಿಸದೆ ಉಳಿಯುವವರು ಅವರೊಬ್ಬರೇ.